ದ್ರೋಹಘರಟ್ಟನ ನೆರೆಯಲ್ಲಿ ನಿಷ್ಠೆಯ ಲೆಕ್ಕ

ಹಳೇಬೀಡಿನಲ್ಲಿ ಬಸ್ಸಿನಿಂದಿಳಿದ ಪ್ರವಾಸಿಗರಲ್ಲಿ ಬಹುಮಂದಿ ಹೊಯ್ಸಳೇಶ್ವರ ದೇವಾಲಯದ ಭಿತ್ತಿಗಳನ್ನು ಒಂದು ಸುತ್ತು ಹಾಕಿ, ನಂದಿಯ ಮುಂದೆ ಭಾವಚಿತ್ರ ತೆಗೆಸಿಕೊಂಡು, ಎಳನೀರು ಕುಡಿದು, ಬಿಸಿಲೇರುವ ಮೊದಲೇ ಬೇಲೂರಿನ ದಾರಿ ಹಿಡಿದುಬಿಡುವುದರಿಂದ, ಅಲ್ಲಿಂದ ನಡೆದೇ ಹೋಗಬಹುದಾದಷ್ಟು ಸಮೀಪದಲ್ಲಿರುವ ಬಸ್ತಿಹಳ್ಳಿಯ ಬಸದಿಗಳಿಗೆ ಜನಸಂದಣಿಯ ಕಾಟ ಇನ್ನೂ ತಟ್ಟಿಲ್ಲ. ಒಂದೇ ಪ್ರಾಕಾರದೊಳಗೆ ಪಾರ್ಶ್ವನಾಥ, ಆದಿನಾಥ, ಶಾಂತಿನಾಥ ಎಂಬ ಮೂವರು ತೀರ್ಥಂಕರರ ಮೂರು ಆಲಯಗಳು. ಹೊಯ್ಸಳ ಶಿಲ್ಪವೆಂದೊಡನೆ ನಮ್ಮ ಕಣ್ಣು ನಿರೀಕ್ಷಿಸುವ ಕೆತ್ತನೆಯ ದಟ್ಟಣೆ ಇಲ್ಲಿನ ಹೊರಗೋಡೆಗಳಲ್ಲಿ ಇಲ್ಲ, ವೈಭವವೆಲ್ಲ ಒಳಗೆ. ಪಾರ್ಶ್ವನಾಥ ಬಸದಿಯ ನವರಂಗದಲ್ಲಿ ತಿರುಗಣೆಗೆ ಕೊಟ್ಟು ಕಡೆದ ಕಪ್ಪು ಕಂಬಗಳು, ಎದುರು ನಿಂತವನ ಮುಖವನ್ನು ಅವನಿಗೇ ಮರಳಿಸುವಷ್ಟು ನುಣುಪಾಗಿ ನಿಂತಿವೆ. ಒಂಬತ್ತು ಶತಮಾನ ತುಂಬುತ್ತ ಬಂದರೂ ಆ ಮೆರುಗು ಮಾಸಿಲ್ಲ.

ಈ ಬಸದಿಯನ್ನು 1133ರಲ್ಲಿ ಕಟ್ಟಿಸಿದವನು ಬೊಪ್ಪದೇವ. ತನ್ನ ತಂದೆಯಾದ ಗಂಗರಾಜನ ಸ್ಮರಣಾರ್ಥವಾಗಿ ಕಟ್ಟಿಸಿದ. ಗಂಗರಾಜನೆಂದರೆ ವಿಷ್ಣುವರ್ಧನನ ಮಹಾಪ್ರಧಾನ ದಂಡನಾಯಕ, ಚೋಳರ ಕೈಯಲ್ಲಿದ್ದ ತಲಕಾಡನ್ನು ಹೊಯ್ಸಳರಿಗೆ ಗೆದ್ದುಕೊಟ್ಟವನು, ಶ್ರವಣಬೆಳಗೊಳದ ಗೊಮ್ಮಟನಿಗೆ ಸುತ್ತಾಲಯವನ್ನು ಕಟ್ಟಿಸಿದವನು. ಅವನಿಗೆ ‘ದ್ರೋಹಘರಟ್ಟ’ ಎಂಬ ಬಿರುದಿತ್ತು. ಸ್ವಾಮಿದ್ರೋಹಿಗಳನ್ನು ಅರೆದುಹಾಕುವ ಬೀಸುಗಲ್ಲು ಎಂದು ಅದರ ಅರ್ಥ. ಮಗ ಕಟ್ಟಿಸಿದ ಆಲಯಕ್ಕೂ ದ್ರೋಹಘರಟ್ಟ ಜಿನಾಲಯವೆಂದೇ ಹೆಸರಾಯಿತು. ಪ್ರತಿಷ್ಠೆಯ ಶೇಷಾಕ್ಷತೆಯನ್ನು ಅರ್ಚಕರು ಬಂಕಾಪುರದಲ್ಲಿ ಬೀಡುಬಿಟ್ಟಿದ್ದ ದೊರೆಯ ಬಳಿಗೆ ಕೊಂಡೊಯ್ದಾಗ, ಅವನು ಶತ್ರುವನ್ನು ಗೆದ್ದ ಸಂಭ್ರಮದಲ್ಲಿಯೂ ಪುತ್ರೋತ್ಸವದ ಸಂತೋಷದಲ್ಲಿಯೂ ಇದ್ದನಾಗಿ, ದೇವರಿಗೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯನಾರಸಿಂಹನೆಂದೂ ಹೆಸರಿಟ್ಟನೆಂದು ಶಾಸನ ಹೇಳುತ್ತದೆ. ಹೀಗೆ ಈ ಬಸದಿಯ ಕಥೆಯಲ್ಲಿ ಕಟ್ಟಿಸಿದವನ ಹೆಸರಿದೆ, ಅವನ ತಂದೆಯ ಬಿರುದಿದೆ, ದೇವರಿಗೆ ದೊರೆ ಇಟ್ಟ ಹೆಸರಿದೆ. ಕಂಬವನ್ನು ಕಡೆದವನ ಹೆಸರು ಮಾತ್ರ, ಅಲ್ಲಿ ನಿಂತು ನಮಗೆ ಹೇಳುವವರ ಕಥೆಯಲ್ಲಿ, ಎಲ್ಲಿಯೂ ಬರುವುದಿಲ್ಲ.

ಗಂಗರಾಜನ ನಿಷ್ಠೆ ಎಂಥದು ಎಂಬುದಕ್ಕೆ ಶ್ರವಣಬೆಳಗೊಳದ ಶಾಸನಗಳಲ್ಲಿ ಒಂದು ಪ್ರಸಂಗ ಬರುತ್ತದೆ. ಅವನ ಪರಾಕ್ರಮಕ್ಕೆ ಮೆಚ್ಚಿದ ವಿಷ್ಣುವರ್ಧನ, ಬೇಕಾದುದನ್ನು ಬೇಡಿಕೋ ಎಂದನಂತೆ. ಒಂದು ನಾಡನ್ನೇ ಬೇಡಬಹುದಾಗಿದ್ದ ಆ ಮನುಷ್ಯ ಪರಮವೆಂಬ ಒಂದು ಗ್ರಾಮವನ್ನು ಬೇಡಿ, ಅದನ್ನು ತನ್ನ ತಾಯಿ ಪೋಚಲದೇವಿಯೂ ಪತ್ನಿ ಲಕ್ಷ್ಮೀದೇವಿಯೂ ಮಾಡಿಸಿದ ಬಸದಿಗಳಿಗೆ ದತ್ತಿಯಾಗಿ ಬಿಟ್ಟ. ದೊರೆ ರಾಮಾನುಜಾಚಾರ್ಯರ ಪ್ರಭಾವದಿಂದ ವೈಷ್ಣವನಾದನೆಂಬುದು ಪ್ರತೀತಿ. ಸೇನಾನಿ ಜೈನನಾಗಿಯೇ ಉಳಿದ, ಸೇವೆಯಲ್ಲಿಯೂ ಉಳಿದ. ಇಂಥವರ ಚರಿತ್ರೆಯನ್ನು ಓದುವಾಗ ನಮಗೆ ಗೌರವವುಂಟಾಗುವುದು ಸಹಜ. ಆದರೆ ಗಂಗರಾಜನ ನಿಷ್ಠೆಗೆ ಅವನ ಕಾಲದಲ್ಲಿಯೇ ಪೂರ್ಣ ಬೆಲೆ ದೊರೆತಿತ್ತೆಂಬುದನ್ನು ಮರೆಯಲಾಗದು. ಅವನು ರಾಜ್ಯದ ಅತ್ಯುನ್ನತ ಪದವಿಯಲ್ಲಿದ್ದ. ಅವನ ಬಿರುದು ದೇಶಕ್ಕೆಲ್ಲ ತಿಳಿದಿತ್ತು. ಅವನ ಮಗನಿಗೆ ರಾಜಧಾನಿಯಲ್ಲಿ ಕಲ್ಲಿನ ಬಸದಿಯನ್ನು ಕಟ್ಟಿಸುವಷ್ಟು ಐಶ್ವರ್ಯವಿತ್ತು. ಒಡೆಯನ ಪಕ್ಕದಲ್ಲಿ ಕುಳಿತವನು ನಿಷ್ಠೆಯಿಂದಿರುವುದು ಒಂದು ಮಾತು. ಒಡೆಯನಿಗೆ ಅನಿವಾರ್ಯನಾಗಿದ್ದು ಲೋಕಕ್ಕೆ ಅಪರಿಚಿತನಾಗಿರುವವನು ನಿಷ್ಠೆಯಿಂದಿರುವುದು ಬೇರೆಯೇ ಮಾತು.

ಈ ಭೇದವನ್ನು ನನ್ನ ಗಮನಕ್ಕೆ ತಂದವನು ನನ್ನ ಸೋದರಳಿಯ. ಜಾವಗಲ್ಲಿನ ಕಡೆಯವನು, ಹಾಸನದಲ್ಲಿ ಎಂಜಿನಿಯರಿಂಗ್ ಓದಿದ. ತಿಪಟೂರು ಅರಸೀಕೆರೆಗಳ ತೆಂಗಿನ ಸೀಮೆಯಲ್ಲಿ ಕಾಯಿಪುಡಿ ತಯಾರಿಸುವ ಕಾರ್ಖಾನೆಗಳಿಗೆ ಒಣಗಿಸುವ ಯಂತ್ರಗಳನ್ನು ಮಾಡಿಕೊಡುವ ಒಂದು ಸಣ್ಣ ಸಂಸ್ಥೆಯಲ್ಲಿ, ಓದು ಮುಗಿಸಿದ ವರ್ಷದಿಂದಲೂ ದುಡಿಯುತ್ತಿದ್ದಾನೆ. ತುರಿದ ಕಾಯಿಯಲ್ಲಿ ನೀರಿನಂಶ ನೂರಕ್ಕೆ ಮೂರು ಪಾಲಿಗಿಂತ ಮೇಲೆ ಉಳಿಯಕೂಡದು, ಉಳಿದರೆ ಪುಡಿ ಮುಗ್ಗುತ್ತದೆ. ಅದನ್ನು ಇಳಿಸುವ ಭರದಲ್ಲಿ ಶಾಖ ಒಂದಿಷ್ಟು ಹೆಚ್ಚಿದರೆ ಪುಡಿ ಹಳದಿಗೆ ತಿರುಗಿ ಕೊಳ್ಳುವವನು ಮುಖ ತಿರುಗಿಸುತ್ತಾನೆ. ಮಳೆಗಾಲದ ಕಾಯಿಗೂ ಬೇಸಗೆಯ ಕಾಯಿಗೂ ಗಾಳಿಯ ವೇಗ ಬೇರೆ, ಬಲಿತ ಕಾಯಿಗೂ ಎಳಸಿಗೂ ಹೊತ್ತು ಬೇರೆ. ಈ ಲೆಕ್ಕವೆಲ್ಲ ಅವನ ಬೆರಳ ತುದಿಯಲ್ಲಿದೆ, ಮೂಗಿನ ತುದಿಯಲ್ಲಿಯೂ ಇದೆ. ಪುಡಿ ಸೀಯುವ ಮೊದಲಿನ ಆ ಸಣ್ಣ ವಾಸನೆಯನ್ನು ಅವನು ಮಾಪಕಕ್ಕಿಂತ ಮುಂಚೆ ಹಿಡಿಯುತ್ತಾನೆಂದು ಅಲ್ಲಿನ ಕೆಲಸಗಾರರು ಹೇಳುತ್ತಾರೆ. ಯಂತ್ರವನ್ನು ನಡೆಸುವ ಕಂಪ್ಯೂಟರ್ ಆಜ್ಞೆಗಳಾದರೋ ಆ ಸಂಸ್ಥೆಯವರು ತಾವೇ ರೂಪಿಸಿಕೊಂಡ ಬಗೆಯವು. ಹೊರಗೆ ಬೇರೆ ಯಾರೂ ಅವನ್ನು ಬಳಸುವುದಿಲ್ಲ.

ಬೆಂಗಳೂರಿನಲ್ಲಿರುವ ಅವನ ಸಹಪಾಠಿಗಳು ಎರಡೆರಡು ವರ್ಷಕ್ಕೆ ಕಂಪನಿ ಬದಲಾಯಿಸಿ, ಪ್ರತಿ ಸಲವೂ ಸಂಬಳವನ್ನು ಮೂರರಲ್ಲೊಂದು ಪಾಲು ಏರಿಸಿಕೊಂಡು, ಇವನ ಎರಡರಷ್ಟು ದುಡಿಯುತ್ತಿದ್ದಾರೆ. ಇವನು ಒಮ್ಮೆ ಎರಡು ಕಡೆ ಸಂದರ್ಶನಕ್ಕೆ ಹೋಗಿ ಬಂದ. ಅವನ ಕೆಲಸ ಏನೆಂಬುದೇ ಅಲ್ಲಿ ಕುಳಿತವರಿಗೆ ತಿಳಿಯಲಿಲ್ಲವಂತೆ. ಆ ಮೇಲೆ ನನ್ನೊಡನೆ ಹೇಳಿದ: “ಮಾವ, ನನ್ನ ಬಿಟ್ರೆ ಆ ಮಷೀನುಗಳ ಮರ್ಮ ಗೊತ್ತಿರೋರು ಇನ್ನೊಬ್ರಿಲ್ಲ. ಆದ್ರೆ ನಾನು ಆಚೆಗೆ ಹೋದ್ರೆ ಆ ಮರ್ಮ ಯಾರಿಗೂ ಬೇಕಾಗಿಲ್ಲ. ಯಜಮಾನ್ರು ಒಳ್ಳೇವ್ರು, ಅಪ್ಪನ ಆಪರೇಷನ್ನಿಗೆ ಕೇಳದೆ ದುಡ್ಡು ಕೊಟ್ಟೋರು. ಅವರು ಒಳ್ಳೇವ್ರಾಗಿರೋದೇ ಈಗ ಕಷ್ಟ ಆಗಿದೆ.”

ಈ ಕಡೆಯ ಮಾತಿನಲ್ಲಿರುವ ತೊಡಕನ್ನು ಪೇಟೆಯ ಸಲಹೆಗಾರರು ಅರಿಯರು. ಕೆಲಸ ಬದಲಾಯಿಸದವನು ದಡ್ಡನೆಂಬುದು ಅವರ ಸಿದ್ಧಾಂತ. ಹಳೆಯ ತಲೆಮಾರಿನವರಾದರೆ ಉಪ್ಪಿನ ಋಣದ ಮಾತೆತ್ತಿ, ಅನ್ನವಿಟ್ಟ ಮನೆಯನ್ನು ಬಿಟ್ಟವನು ಉದ್ಧಾರವಾಗುವುದಿಲ್ಲವೆಂದುಬಿಡುತ್ತಾರೆ. ಕಾನೂನು ತನ್ನ ಪಾಲಿಗೆ ನಿಷ್ಠೆಗೊಂದು ದರವನ್ನೇ ಗೊತ್ತುಮಾಡಿದೆ: ಗ್ರಾಚ್ಯುಟಿಯ ನಿಯಮದ ಪ್ರಕಾರ, ಸಾಮಾನ್ಯವಾಗಿ ಐದು ವರ್ಷಕ್ಕೆ ಕಡಮೆಯಿಲ್ಲದೆ ಒಂದೇ ಕಡೆ ದುಡಿದವನು ಬಿಟ್ಟುಹೋಗುವಾಗ ಅವನ ಸೇವೆಯ ಪ್ರತಿ ವರ್ಷಕ್ಕೂ 15 ದಿನಗಳ ವೇತನ. ಆ ಹದಿನೈದು ದಿನಗಳಲ್ಲಿ ತೀರದೆ ಉಳಿಯುವ ಬಾಕಿ ಎರಡು ಕಡೆಯೂ ಇರುತ್ತದೆ. ಅದನ್ನು ಅಳೆಯುವ ಕೊಳಗ ಯಾವುದೆಂದು ಯೋಚಿಸುತ್ತಿದ್ದಾಗ ನನಗೆ ನೆನಪಾದವರು ಗಂಗರಾಜನಲ್ಲ, ಅವನ ಕಾಲದ ಕಲ್ಲುಕುಟಿಗರು.

ಹೊಯ್ಸಳರ ರೂವಾರಿಗಳು ಹೆಸರಿಲ್ಲದವರಾಗಿರಲಿಲ್ಲ. ಭಾರತದ ಪ್ರಾಚೀನ ಶಿಲ್ಪಿಗಳೆಲ್ಲ ಅಹಂಕಾರವಿಲ್ಲದೆ ಅನಾಮಿಕರಾಗಿ ದುಡಿದರೆಂದು ಉಪನ್ಯಾಸಗಳಲ್ಲಿ ಕೇಳಿಬರುವ ಮಾತು ಬೇಲೂರಿನ ಒಂದು ಪ್ರದಕ್ಷಿಣೆಯಲ್ಲಿಯೇ ಬಿದ್ದುಹೋಗುತ್ತದೆ. 1117ರಲ್ಲಿ ಪ್ರತಿಷ್ಠಿತವಾದ ಚೆನ್ನಕೇಶವನ ಆಲಯದಲ್ಲಿ ಮದನಿಕೆಗಳ ಪಾದದ ಕೆಳಗೆ, ಪೀಠದ ಅಂಚಿನಲ್ಲಿ, ಕೆತ್ತಿದವರ ಹೆಸರುಗಳಿವೆ. ಹೆಸರಷ್ಟೇ ಅಲ್ಲ, ಊರು ಇದೆ, ತಂದೆಯ ಹೆಸರಿದೆ, ಬಿರುದೂ ಇದೆ. ಬಳ್ಳಿಗ್ರಾಮೆಯ ದಾಸೋಜ ಅಲ್ಲಿದ್ದಾನೆ. ಅವನ ಮಗ ಚಾವಣ ಇದ್ದಾನೆ. ಗದಗಿನ ತ್ರಿಕೂಟೇಶ್ವರದ ಹೆಸರನ್ನು ತನ್ನ ಹೆಸರಿನೊಡನೆ ಸೇರಿಸಿಕೊಂಡ ನಾಗೋಜನಿದ್ದಾನೆ. ಬಿರುದಾಂಕಿತ ರೂವಾರಿಗಳೆಂಬ ಮನ್ಮಥನಿಗೆ ತಾನು ಮಹೇಶ್ವರನೆಂದು, ಪ್ರತಿಸ್ಪರ್ಧಿಗಳೆಂಬ ಪರ್ವತಕ್ಕೆ ತಾನು ವಜ್ರಾಯುಧನೆಂದು ಹೇಳಿಕೊಳ್ಳುವ ಆ ಬಿರುದುಗಳನ್ನು ಓದಿದರೆ ವಿನಯವೆಂಬುದು ಆ ವೃತ್ತಿಯಲ್ಲಿ ಅಷ್ಟೇನೂ ಅಗತ್ಯದ ಗುಣವಾಗಿರಲಿಲ್ಲವೆಂದು ತೋರುತ್ತದೆ. ಇಂದಿನ ಹುಡುಗರು ರೆಸ್ಯೂಮೆಗಳಲ್ಲಿ ಬರೆದುಕೊಳ್ಳುವ ಆತ್ಮಪ್ರಶಂಸೆ ಇದರ ಮುಂದೆ ಸಪ್ಪೆ.

ಇಲ್ಲಿ ಗಮನಿಸಬೇಕಾದುದು ಆ ಊರುಗಳ ಹೆಸರು. ಬಳ್ಳಿಗಾವೆ ಇಂದಿನ ಶಿಕಾರಿಪುರ ತಾಲ್ಲೂಕಿನಲ್ಲಿದೆ, ಗದಗು ಇನ್ನೂ ಉತ್ತರಕ್ಕೆ. ಎರಡೂ ಕಲ್ಯಾಣದ ಚಾಲುಕ್ಯರ ಆಳ್ವಿಕೆಯ ಶಿಲ್ಪಕೇಂದ್ರಗಳು. ವಿಷ್ಣುವರ್ಧನನಾದರೋ ಚಾಲುಕ್ಯರಿಗೆ ಹೆಸರಿಗೆ ಸಾಮಂತನಾಗಿದ್ದುಕೊಂಡೇ ಅವರ ವಿರುದ್ಧ ಕತ್ತಿಯೆತ್ತಿದವನು. ಗಂಗರಾಜನೇ ಕಣ್ಣೇಗಾಲದಲ್ಲಿ ಚಾಲುಕ್ಯಸೈನ್ಯದ ಮೇಲೆ ರಾತ್ರಿಯಲ್ಲಿ ಎರಗಿದವನು. ಸೇನಾನಿಗಳು ಹೀಗೆ ಪರಸ್ಪರ ಕಾದಾಡುತ್ತಿದ್ದ ಕಾಲದಲ್ಲಿಯೇ ಚಾಲುಕ್ಯರ ನಾಡಿನ ರೂವಾರಿ ತನ್ನ ಉಳಿಸುತ್ತಿಗೆಗಳನ್ನು ಹೆಗಲಿಗೇರಿಸಿ ಹೊಯ್ಸಳರ ಬೇಲೂರಿಗೆ ಬಂದು, ಮಗನನ್ನೂ ಜೊತೆಗೆ ಕರೆತಂದು, ಕಲ್ಲಿನ ಮೇಲೆ ತಾನು ಬಳ್ಳಿಗ್ರಾಮೆಯವನೆಂದೇ ನಿಸ್ಸಂಕೋಚವಾಗಿ ಬರೆದ. ಅವನನ್ನು ಯಾರೂ ದ್ರೋಹಿಯೆಂದು ಕರೆದಂತಿಲ್ಲ. ದ್ರೋಹಘರಟ್ಟನ ಬೀಸುಗಲ್ಲು ಅವನತ್ತ ತಿರುಗಲಿಲ್ಲ. ಬಂದ ಊರಿನ ಹೆಸರು ಅವನ ಪಾಲಿಗೆ ಕಳಂಕವಾಗುವ ಬದಲು ಯೋಗ್ಯತೆಯ ಮುದ್ರೆಯಾಗಿತ್ತು. ಇಂಥ ಕಡೆ ಪಳಗಿದ ಕೈ ಇದು ಎಂದು ಸಾರುವ ಮುದ್ರೆ.

ಹಳೇಬೀಡಿನ ಹೊಯ್ಸಳೇಶ್ವರದ ದಕ್ಷಿಣ ದ್ವಾರದಲ್ಲಿ ಕಾಳಿದಾಸಿಯೆಂಬ ರೂವಾರಿಯ ಹೆಸರೂ, ವಿಷ್ಣುವರ್ಧನನ ಮಗ ನಾರಸಿಂಹನ ಕಾಲದ ಮುಖ್ಯ ಶಿಲ್ಪಿಯಾದ ಕೇದಾರೋಜನ ಹೆಸರೂ ಇವೆ. ಭಿತ್ತಿಗಳ ಮೇಲೆ ಮಾಬಲ, ಬಲ್ಲಣ, ಬೋಚಣ, ಕೇತಣ ಮೊದಲಾದವರಿದ್ದಾರೆ. ಇಷ್ಟು ಮಂದಿಯನ್ನು ಕಲ್ಲು ನೆನೆಸಿಕೊಂಡಿರುವಾಗ ಜನ ಮಾತ್ರ ಎಲ್ಲವನ್ನೂ ಜಕಣಾಚಾರಿಯೆಂಬ ಒಬ್ಬನ ತಲೆಗೆ ಕಟ್ಟಿ, ಕೈದಾಳದಿಂದ ಬೇಲೂರಿನವರೆಗೆ ಅವನನ್ನು ನಡೆಸಿ, ಕಪ್ಪೆಯ ಕಥೆ ಕಟ್ಟಿ, ನಿಶ್ಚಿಂತರಾಗಿದ್ದಾರೆ. ದಾಸೋಜ ಈ ವಿಚಾರದಲ್ಲಿ ವ್ಯಾಜ್ಯ ಹೂಡಬಹುದಾಗಿತ್ತು.

ಎಲ್ಲರಿಗಿಂತಲೂ ನನ್ನ ಸೋದರಳಿಯನ ಸಮಸ್ಯೆಗೆ ಹತ್ತಿರದವನು ಮಲ್ಲಿತಮ್ಮ. 1196ರಲ್ಲಿ ಎರಡನೆಯ ಬಲ್ಲಾಳನ ದಂಡನಾಯಕನೊಬ್ಬ ತರೀಕೆರೆಯ ಬಳಿಯ ಅಮೃತಾಪುರದಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯದಲ್ಲಿ ಈ ಹೆಸರು ಮೊದಲು ಕಾಣುತ್ತದೆ. ಅನಂತರ ಜಾವಗಲ್ಲಿನಲ್ಲಿ, ಹೊಸಹೊಳಲಿನಲ್ಲಿ, ಗೋವಿಂದನಹಳ್ಳಿಯಲ್ಲಿ. 1246ರ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ನಂದಿಯ ಬೈಚೋಜನೊಡನೆ ಗೋಡೆಯನ್ನು ಹಂಚಿಕೊಂಡು ಕೆಲಸ ಮಾಡಿದ್ದಾನೆ. ಕೊನೆಗೆ ಮೂರನೆಯ ನಾರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ ಸೋಮನಾಥಪುರದ ಕೇಶವಾಲಯ. ಅಲ್ಲಿ ಸುಮಾರು 40 ವಿಗ್ರಹಗಳ ಪೀಠದಲ್ಲಿ ಅವನ ಅಂಕಿತವಿದೆ, ಕೆಲವೆಡೆ ‘ಮಲ್ಲಿ’ ಎಂದಷ್ಟೇ, ಕೆಲವೆಡೆ ಬರಿಯ ‘ಮ’. ಇಷ್ಟು ದೀರ್ಘಕಾಲ ದುಡಿದವನು ಒಬ್ಬನೇ ಮಲ್ಲಿತಮ್ಮನೋ, ಹಿರಿಯನ ಹೆಸರು ಹೊತ್ತ ಕಿರಿಯನೊಬ್ಬನೂ ಇದ್ದನೋ ಎಂಬ ಚರ್ಚೆಯನ್ನು ವಿದ್ವಾಂಸರಿಗೆ ಬಿಡೋಣ. ಒಬ್ಬನೇ ಆಗಿದ್ದ ಪಕ್ಷದಲ್ಲಿ, ಅರುವತ್ತು ವರ್ಷಗಳಿಗೂ ಮೀರಿದ ವೃತ್ತಿಜೀವನದಲ್ಲಿ ಅವನು ನಾಲ್ವರು ದೊರೆಗಳ ಆಳ್ವಿಕೆಯನ್ನು ಕಂಡ. ಹೊಯ್ಸಳರ ನಾಡನ್ನಾಗಲಿ ಬಳಪದ ಕಲ್ಲನ್ನಾಗಲಿ ಬಿಡಲಿಲ್ಲ. ಆದರೆ ಊರೂರಿಗೂ ಅವನಿಗೆ ಕೂಲಿ ಕೊಟ್ಟ ಧಣಿ ಬೇರೆ ಬೇರೆ. ಒಂದೆಡೆಯ ಪೀಠದ ಮೇಲಿನ ಅಂಕಿತ ಮುಂದಿನ ಊರಿನ ದಂಡನಾಯಕನಿಗೆ ಅವನ ಪರಿಚಯಪತ್ರವಾಗಿತ್ತು. ಅವನ ನಿಷ್ಠೆ ಕಸುಬಿಗೂ ನಾಡಿಗೂ ಸಂದಿತು. ಬೆಲೆಯನ್ನು ಮಾತ್ರ ಅವನು ಯಾರೊಬ್ಬನ ಕೈಗೂ ಒಪ್ಪಿಸಲಿಲ್ಲ.

ಇದಕ್ಕೆ ಪೂರ್ಣ ವಿರುದ್ಧವಾದ ನಿದರ್ಶನ ಹೊಯ್ಸಳೇಶ್ವರದ ಆವರಣದಲ್ಲಿಯೇ ನಿಂತಿದೆ. ಎರಡನೆಯ ಬಲ್ಲಾಳ 1220ರ ಸುಮಾರಿಗೆ ಮೃತನಾದಾಗ ಅವನ ಗರುಡನಾಗಿದ್ದ, ಎಂದರೆ ಒಡೆಯನೊಡನೆಯೇ ಸಾಯುವ ಪಣತೊಟ್ಟ ಅಂಗರಕ್ಷಕನಾಗಿದ್ದ ಕುವರ ಲಕ್ಷ್ಮ, ತನ್ನ ಪತ್ನಿ ಸುಗ್ಗಲದೇವಿಯೊಡನೆಯೂ ಲೆಂಕರ ಸಮೂಹದೊಡನೆಯೂ ಪ್ರಾಣಾರ್ಪಣೆ ಮಾಡಿದ. ಅದರ ಸ್ಮಾರಕವಾಗಿ ಎತ್ತಿದ ಕಂಬದ ಮೇಲೆ, ಕತ್ತಿಯಿಂದ ತಮ್ಮ ತಲೆಯನ್ನು ತಾವೇ ಅರಿದುಕೊಳ್ಳುತ್ತಿರುವ ಭಟರ ಸಾಲನ್ನು ಬಿಡಿಸಿದ್ದಾರೆ. ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯ ಕಂಬಗಳಾದರೋ ಒಂದು ಮನೆತನವೇ ತಲೆಮಾರು ತಲೆಮಾರಾಗಿ ಒಬ್ಬೊಬ್ಬ ಹೊಯ್ಸಳ ದೊರೆಯೊಡನೆ ಹೀಗೆ ಅಳಿದುದನ್ನು ಸಾರುತ್ತವೆ. ಜೋಳವಾಳಿ ವೇಳೆವಾಳಿಗಳೆಂದು ಹೆಸರಾದ ಆ ಧರ್ಮವನ್ನು ಇಂದಿನ ತಕ್ಕಡಿಯಲ್ಲಿ ತೂಗಿ ಹಳಿಯುವುದು ಅವಿವೇಕ. ಕರ್ಣನನ್ನು ಮೆಚ್ಚುವ ನಾಡು ಕುವರ ಲಕ್ಷ್ಮನನ್ನು ಮೆಚ್ಚದಿರಲಾರದು. ಆದರೂ ಆ ಕಂಬದ ಎದುರು ನಿಂತಾಗಲೆಲ್ಲ ನನಗೊಂದು ಕಸಿವಿಸಿಯಾಗುತ್ತದೆ. ಗರುಡನಿಗಿದ್ದ ಒಂದೇ ವಿದ್ಯೆ ಆ ಒಬ್ಬ ದೊರೆಗಾಗಿ ಸಾಯುವ ವಿದ್ಯೆ. ಆ ದೊರೆಯಿಲ್ಲದ ಲೋಕದಲ್ಲಿ ಅದನ್ನು ಕೊಳ್ಳುವವರೇ ಇರಲಿಲ್ಲ. ಅರಸೀಕೆರೆಯ ಈಶ್ವರ ದೇವಾಲಯ ಸಿದ್ಧವಾದದ್ದೂ 1220ರಲ್ಲಿಯೇ. ದೊರೆ ಹೋದನೆಂದು ನಕ್ಷತ್ರಾಕಾರದ ಆ ಮಂಟಪದ ರೂವಾರಿ ಉಳಿಯನ್ನು ಕೆಳಗಿಡಲಿಲ್ಲ. ಮುಂದಿನ ಊರಿನಲ್ಲಿ ಅವನಿಗೆ ಕೆಲಸ ಕಾದಿತ್ತು.

ಹಾಗೆಂದು ರೂವಾರಿಯ ದಾರಿ ನಿರಪಾಯದ್ದೆನ್ನುವಂತಿಲ್ಲ. ಹೊಯ್ಸಳ ಶಿಲ್ಪದ ಸೂಕ್ಷ್ಮತೆಗೆ ಕಾರಣ ಬಳಪದ ಕಲ್ಲು: ಗಣಿಯಿಂದ ತೆಗೆದ ಹೊಸತರಲ್ಲಿ ಮೃದುವಾಗಿದ್ದು, ಉಳಿ ಹೇಳಿದಂತೆ ಕೇಳಿ, ಗಾಳಿಗೆ ಒಡ್ಡಿದಂತೆ ಗಡುಸಾಗುವ ಕಲ್ಲು. ಆಭರಣದ ಒಂದೊಂದು ಮಣಿಯನ್ನೂ ಬಿಡಿಸುವ, ತಿರುಗಣೆಯ ಮೇಲೆ ಕಂಬವನ್ನು ಕಡೆಯುವ ಕೈಚಳಕ ಆ ಕಲ್ಲಿಗೇ ಹೊಂದಿ ಬೆಳೆದದ್ದು. 1311ರಲ್ಲಿ ದೆಹಲಿಯ ಸೇನಾನಿ ಮಲಿಕ್ ಕಾಫರನ ಸೈನ್ಯ ದೋರಸಮುದ್ರದ, ಎಂದರೆ ಇಂದಿನ ಹಳೇಬೀಡಿನ, ಮೇಲೆ ಬಿತ್ತು; 1327ರ ಹೊತ್ತಿಗೆ ತುಘಲಕನ ದಂಡು ಮತ್ತೆ ಬಂತು. ಮೂರನೆಯ ಬಲ್ಲಾಳ ತಿರುವಣ್ಣಾಮಲೈಯಲ್ಲಿ ನೆಲೆಯೂರಿ, ಮಧುರೆಯ ಸುಲ್ತಾನನೊಡನೆ ಕಾದುತ್ತ ಮಡಿದ. ಬಳಿಕ ತಲೆಯೆತ್ತಿದ ವಿಜಯನಗರದವರು ಆರಿಸಿಕೊಂಡ ಕಲ್ಲು ಬೇರೆ, ಕಗ್ಗಲ್ಲು. ಅವರು ಮೆಚ್ಚಿದ ಶೈಲಿಯೂ ಬೇರೆ, ತೆಂಕಣದ್ದು. ಎರಡು ಶತಮಾನ ಕಾಲ ಒಂದು ರಾಜ್ಯದ ತುಂಬ ಬೇಡಿಕೆಯಿದ್ದ ವಿದ್ಯೆಗೆ ಒಂದೇ ತಲೆಮಾರಿನೊಳಗೆ ಗಿರಾಕಿ ಇಲ್ಲದಂತಾಯಿತು. ಊರೂರಿನ ಪೀಠಗಳ ಮೇಲೆ ಅಂಕಿತವಿದ್ದರೇನು? ಅದನ್ನು ಓದಿ ಕರೆಸಿಕೊಳ್ಳುತ್ತಿದ್ದ ದಂಡನಾಯಕರೇ ಇಲ್ಲವಾದರು.

ಆದರೆ ಶೃಂಗೇರಿಯ ವಿದ್ಯಾಶಂಕರ ದೇವಾಲಯವನ್ನು ನೋಡಿದವರಿಗೆ ಬೇರೊಂದು ವಿಷಯ ಹೊಳೆಯುತ್ತದೆ. ವಿಜಯನಗರದ ಆರಂಭಕಾಲದ ಆ ಕಟ್ಟಡದ ಕಲ್ಲು ಗಡುಸಾದದ್ದು, ಶಿಖರ ದ್ರಾವಿಡ ರೀತಿಯದು. ತಳವಿನ್ಯಾಸದ ಮೂಲೆಮೂಲೆಗಳಲ್ಲಿ, ಅಧಿಷ್ಠಾನದ ಪಟ್ಟಿಕೆಗಳಲ್ಲಿ, ಹೊಯ್ಸಳರ ಮನಸ್ಸು ಇನ್ನೂ ಉಸಿರಾಡುತ್ತಿದೆ. ಬೇಲೂರಿನಲ್ಲಿ ಹಾಳಾಗಿದ್ದ ಗೋಪುರವನ್ನು ಎರಡನೆಯ ಹರಿಹರನ ದಂಡನಾಯಕ ಗುಂಡ 1397ರಲ್ಲಿ ಮತ್ತೆ ಎತ್ತಿಸಿದ. ಅಲ್ಲಿಗೂ ಕೆಲಸಗಾರರು ಬೇಕಾಗಿದ್ದರಷ್ಟೆ. ಬಳಪದ ಕಲ್ಲನ್ನು ಕೆತ್ತುವವನೆಂದು ತನ್ನನ್ನು ತಿಳಿದುಕೊಂಡಿದ್ದವನಿಗೆ ಆ ಕಾಲದಲ್ಲಿ ದಾರಿ ಮುಚ್ಚಿತು. ದೇವಾಲಯವನ್ನು ಕಟ್ಟುವವನೆಂದು ತಿಳಿದುಕೊಂಡಿದ್ದವನಿಗೆ ದಾರಿ ಇಕ್ಕಟ್ಟಾದರೂ ಉಳಿದುಕೊಂಡಿತು. ನನ್ನ ವಾದದ ತಿರುಳು ಇಷ್ಟೇ. ಒಂದೇ ಕಡೆ ಎಷ್ಟು ವರ್ಷ ಇದ್ದೆ ಎಂಬುದು ಅಪಾಯದ ಅಳತೆಯಲ್ಲ. ನಮ್ಮ ವಿದ್ಯೆಯನ್ನು ನಾವು ಯಾವ ಹೆಸರಿನಿಂದ ಕರೆದುಕೊಳ್ಳುತ್ತೇವೆ, ಆ ಹೆಸರು ನಮ್ಮ ಧಣಿಯ ಮನೆಯ ಹೊಸ್ತಿಲಾಚೆಗೆ ಕೇಳಿಸುತ್ತದೆಯೆ, ಅಳತೆ ಇರುವುದು ಅಲ್ಲಿ.

ನಮ್ಮ ಕಾಲದ ಕರ್ನಾಟಕದಲ್ಲಿಯೂ ಇದರ ಪರೀಕ್ಷೆ ನಡೆದುಹೋಗಿದೆ. ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆಯಲ್ಲಿ ಕೂದಲೆಳೆಯಷ್ಟು ಸೂಕ್ಷ್ಮವಾದ ಬಿಡಿಭಾಗಗಳನ್ನು ಜೋಡಿಸಬಲ್ಲವರು ಸಾವಿರಾರು ಮಂದಿ ತಯಾರಾದರು; ಮದುವೆಗೆ ಅಳಿಯನ ಕೈಗೆ ಕಟ್ಟುವ ಗಡಿಯಾರವೆಂದರೆ ಎಚ್‌ಎಂಟಿ ಎಂಬ ಕಾಲವೊಂದಿತ್ತು. 1984ರಲ್ಲಿ ಟಾಟಾ ಸಂಸ್ಥೆಯೂ ತಮಿಳುನಾಡಿನ ಉದ್ಯಮ ನಿಗಮವೂ ಕೂಡಿ ಟೈಟನ್ ಕಂಪನಿಯನ್ನು ಸ್ಥಾಪಿಸಿ, ಹೊಸೂರಿನಲ್ಲಿ ಕಾರ್ಖಾನೆಯನ್ನು ತೆರೆದು ಕ್ವಾರ್ಟ್ಜ್ ಗಡಿಯಾರಗಳಿಗೆ ಕೈಯಿಕ್ಕಿದಾಗ, ಎಚ್‌ಎಂಟಿಯಲ್ಲಿ ಪಳಗಿದ ಕೆಲವರು ಅತ್ತ ನಡೆದರು. ಉಳಿದವರು ಉಳಿದರು. 2016ರಲ್ಲಿ ಗಡಿಯಾರದ ವಿಭಾಗವನ್ನು ಮುಚ್ಚುವುದೆಂದು ಸರ್ಕಾರ ತೀರ್ಮಾನಿಸಿತು. ಹೋದವರನ್ನು ಕೃತಘ್ನರೆನ್ನಲು ನನಗೆ ಬಾಯಿ ಬಾರದು. ಉಳಿದವರನ್ನು ಮೂರ್ಖರೆನ್ನಲೂ ಬಾರದು. ಸರ್ಕಾರಿ ಕಾರ್ಖಾನೆಯೆಂಬ ಭದ್ರತೆ ಆ ದಿನಗಳಲ್ಲಿ ಬಂಡೆಯಂತೆ ಕಾಣುತ್ತಿತ್ತು.

ಕೋಲಾರದ ಚಿನ್ನದ ಗಣಿಯದು ಇನ್ನೂ ಕಠಿಣವಾದ ಕಥೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಆರಂಭಿಸಿದ ಗಣಿಗಾರಿಕೆ 2001ರ ಫೆಬ್ರವರಿ 28ಕ್ಕೆ ನಿಂತಾಗ, ಚಾಂಪಿಯನ್ ರೀಫಿನಲ್ಲಿ ಮೂರು ಕಿಲೋಮೀಟರಿಗೂ ಕೆಳಗಿಳಿದು ಉರಿಯುವ ಬಂಡೆಯ ನಡುವೆ ಕೆಲಸ ಮಾಡಬಲ್ಲ ವಿದ್ಯೆಗೆ ಈ ದೇಶದಲ್ಲಿ ಹೆಚ್ಚಿನ ನೆಲೆಯಿರಲಿಲ್ಲ. ಚಿನ್ನವೆಂದರೆ ಇನ್ನುಳಿದದ್ದು ರಾಯಚೂರು ಜಿಲ್ಲೆಯ ಹಟ್ಟಿ. ಅಲ್ಲಿಗೆ ಎಷ್ಟು ಮಂದಿ ಹೋದಾರು? ಮಾರಿಕುಪ್ಪಂನಿಂದ ಬೆಳಗಿನ ಜಾವ ಹೊರಡುವ ರೈಲುಗಳಲ್ಲಿ ಆ ಊರಿನ ಮಕ್ಕಳು ಇಂದು ಬೆಂಗಳೂರಿನ ಕೆಲಸಗಳಿಗೆ ಹೋಗಿ ರಾತ್ರಿ ಮರಳುತ್ತಾರೆ. ತಂದೆ ಅಜ್ಜಂದಿರ ಭೂಗರ್ಭವಿದ್ಯೆ ಆ ರೈಲಿನಲ್ಲಿ ಪ್ರಯಾಣ ಮಾಡುವುದಿಲ್ಲ.

ಮಾರುಕಟ್ಟೆಯ ಮುಂದೆ ನಿಲ್ಲಲಾರದ, ಆದರೂ ಮಾಡದೆ ಬಿಡಲಾಗದ ಕೆಲಸಗಳೂ ಲೋಕದಲ್ಲಿವೆಯೆಂಬುದನ್ನು ಇಷ್ಟರ ನಡುವೆ ಹೇಳದಿದ್ದರೆ ನ್ಯಾಯವಾಗದು. ಈ ಲೇಖನದಲ್ಲಿ ಬಂದ ಶಾಸನಗಳ ಸಂಗತಿಗಳೆಲ್ಲ ನಮಗೆ ದೊರೆತದ್ದು ಅಂಥವರಿಂದಲೇ. 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಬಿ. ಎಲ್. ರೈಸ್ ಮೈಸೂರಿನ ಶಿಕ್ಷಣ ಇಲಾಖೆಯಲ್ಲಿ ದುಡಿಯುತ್ತ ಹಳಗನ್ನಡದ ಶಾಸನಗಳಿಗೆ ಮನಸೋತು, ಎಪಿಗ್ರಾಫಿಯಾ ಕರ್ನಾಟಿಕಾದ 12 ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ಹೊರತಂದರು. ಹಾಸನ ಜಿಲ್ಲೆಯ ಸಂಪುಟ ಅಚ್ಚಾದದ್ದು 1902ರಲ್ಲಿ. ಅವರ ಉತ್ತರಾಧಿಕಾರಿಯಾದ ಆರ್. ನರಸಿಂಹಾಚಾರ್ಯರು ಸೋಮನಾಥಪುರದ ಮೇಲೆಯೂ ಬೇಲೂರಿನ ಮೇಲೆಯೂ ಪ್ರತ್ಯೇಕ ಗ್ರಂಥಗಳನ್ನು ಬರೆದು, ಪೀಠಗಳ ಮೇಲಿನ ರೂವಾರಿಗಳ ಅಂಕಿತಗಳನ್ನು ಒಂದೊಂದಾಗಿ ಪಟ್ಟಿಮಾಡಿದರು. ಹಳಗನ್ನಡದ ಸವೆದ ಅಕ್ಷರವನ್ನು ಓದುವ ವಿದ್ಯೆಗೆ ಮೈಸೂರು ಸಂಸ್ಥಾನದ ಆಚೆಗೆ ಯಾವ ಪೇಟೆಯಿತ್ತು? ಒಬ್ಬನೇ ಧಣಿ, ಒಂದೇ ಇಲಾಖೆ, ಒಂದು ಜೀವಮಾನ. ಆದರೂ ಅವರು ಗರುಡರಾಗಲಿಲ್ಲ, ರೂವಾರಿಗಳಾದರು. ಮಾಡಿದ ಕೆಲಸವೆಲ್ಲ ಅವರವರ ಹೆಸರಿನಲ್ಲಿ ಅಚ್ಚಾಗಿ, ಅವರು ಎಂದೂ ಕಾಣದ ಊರುಗಳ ವಿದ್ವಾಂಸರ ಮೇಜಿನ ಮೇಲೆ ಕುಳಿತಿತು. ಧಣಿಯ ಆಶ್ರಯದಲ್ಲಿದ್ದು ಲೋಕಕ್ಕೆ ಬರೆಯುವ ಆ ಅವಕಾಶವನ್ನು ಮೈಸೂರು ಸರ್ಕಾರ ಅವರಿಗೆ ಕೊಟ್ಟಿತು ಎಂಬುದು ಸರ್ಕಾರದ ಹಿರಿಮೆ.

ಒಳ್ಳೆಯ ಯಜಮಾನನ ಲಕ್ಷಣವನ್ನು ನಾನು ಇಲ್ಲಿ ಹುಡುಕುತ್ತೇನೆ. ಕಷ್ಟಕಾಲದಲ್ಲಿ ಹಣ ಕೊಡುವುದು ದೊಡ್ಡ ಗುಣ, ಸಂದೇಹವಿಲ್ಲ. ಆದರೆ ತನ್ನ ಆಳಿನ ಹೆಸರು ತನ್ನ ಅಂಗಳದಿಂದ ಹೊರಗೆ ಹೋಗಲು ಬಿಡದವನ ಔದಾರ್ಯ, ಎಷ್ಟೇ ಪ್ರಾಮಾಣಿಕವಾಗಿರಲಿ, ಕಾಲಾಂತರದಲ್ಲಿ ಒಂದು ಹಗ್ಗವಾಗುತ್ತದೆ. ವಿಷ್ಣುವರ್ಧನನ ದೇವಾಲಯದಲ್ಲಿ ದಾಸೋಜ ತನ್ನ ಹೆಸರನ್ನೂ ಪರರಾಜ್ಯದ ತನ್ನ ಊರಿನ ಹೆಸರನ್ನೂ ಕೆತ್ತಿದಾಗ ಅದನ್ನು ಅಳಿಸೆಂದು ಯಾರೂ ಹೇಳಲಿಲ್ಲ. ಅದರಿಂದ ದೊರೆಯ ಕೀರ್ತಿಗೆ ಊನವೂ ಬರಲಿಲ್ಲ.

ಸೋದರಳಿಯನಿಗೆ ನಾನು ಹೇಳಿದ್ದು ಬಿಡು ಎಂದೂ ಅಲ್ಲ, ಇರು ಎಂದೂ ಅಲ್ಲ. ನಿನ್ನ ವಿದ್ಯೆ ಏನೆಂದು ಕೇಳಿದರೆ ನೀನು ಕಾಯಿಪುಡಿಯ ಮಷೀನೆನ್ನುತ್ತೀಯಲ್ಲ, ಅದು ನಿನ್ನ ಯಜಮಾನರ ವ್ಯಾಪಾರದ ಹೆಸರು, ನಿನ್ನ ವಿದ್ಯೆಯದಲ್ಲ, ಎಂದೆ. ಬಿಸಿಗಾಳಿಯಿಂದ ಪದಾರ್ಥದ ತೇವವನ್ನು, ಅದರ ಬಣ್ಣವೂ ರುಚಿಯೂ ಕೆಡದಂತೆ, ಹದವರಿತು ತೆಗೆಯುವುದು ಅವನ ವಿದ್ಯೆ. ಬೇಲೂರಿನ ಕಡೆ ಮೆಣಸಿದೆ, ಶುಂಠಿಯಿದೆ, ಕಾಫಿಯಿದೆ; ಎಲ್ಲಕ್ಕೂ ಮಳೆ ಹಿಡಿದ ದಿನಗಳಲ್ಲಿ ಒಣಗಿಸುವುದೇ ಪ್ರಾಣಸಂಕಟ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಶುಂಠಿಗೆ ಗಾಳಿ ಕಮ್ಮಿ ಬೇಕು ಮಾವ, ಸಿಪ್ಪೆ ಸುಕ್ಕು ಹಿಡೀತದೆ” ಎಂದ. ಆ ಲೆಕ್ಕ ಅವನ ತಲೆಯಲ್ಲಿ ಆಗಲೇ ಶುರುವಾಗಿತ್ತು.

ಯಜಮಾನರ ಮುಂದೆ ಅವನು ಎರಡು ಬೇಡಿಕೆಗಳನ್ನಿಟ್ಟ: ಬಿಡುವಿನ ತಿಂಗಳುಗಳಲ್ಲಿ ಒಂದು ಯಂತ್ರವನ್ನು ಶುಂಠಿಗೆ ಹೊಂದಿಸಿ ನೋಡಲು ಅನುಮತಿ, ಯಂತ್ರದೊಡನೆ ಕೊಡುವ ಕೈಪಿಡಿಯಲ್ಲಿ ಅದನ್ನು ಬರೆದವನೆಂದು ತನ್ನ ಹೆಸರು. ಮೊದಲನೆಯದಕ್ಕೆ ಅವರು ಒಡನೆ ಒಪ್ಪಿದರು. ಹೊಸ ಗಿರಾಕಿ ಸಿಕ್ಕಿದರೆ ಅವರಿಗೂ ಲಾಭವೇ. ಎರಡನೆಯದಕ್ಕೆ “ನೋಡೋಣಪ್ಪ” ಎಂದರಂತೆ. ಬರುವ ಯುಗಾದಿಯವರೆಗೆ ಕಾದು, ಆ ಮೇಲೆ ಹೊರಗೆ ಅರ್ಜಿ ಹಾಕುವುದೋ ಬೇಡವೋ ಎಂದು ತೀರ್ಮಾನಿಸುವುದಾಗಿ ಹೇಳಿದ್ದಾನೆ. ಏನೇ ಆದರೂ ಇರಲಿ ಎಂದು ಅವನ ರೆಸ್ಯೂಮೆಯನ್ನು ಈಚೆಗೆ ಇಬ್ಬರೂ ಕುಳಿತು ತಿದ್ದಿದೆವು. ತೆಂಗಿನಕಾಯಿ ಎಂಬ ಮಾತು ಅದರಲ್ಲಿ ಈಗ ನಾಲ್ಕನೆಯ ಸಾಲಿನಲ್ಲಿ ಬರುತ್ತದೆ.